ಹೊಟ್ಟೆನೋವಿಗೆ ಹೆಸರು ಸಿಕ್ಕಿದ ಕಥೆ

ನಮ್ಮ ಕಡೆ ಮುಟ್ಟಿಗೆ ಹೆಸರುಗಳು ಹಲವು. 'ಹೊರಗಾಗಿದ್ದಾಳೆ' ಎನ್ನುತ್ತಾರೆ, 'ದೂರ ಕೂತಿದ್ದಾಳೆ' ಎನ್ನುತ್ತಾರೆ, 'ಕಡೆಯಾಗಿದ್ದಾಳೆ' ಎಂದೂ ಹೇಳುವುದುಂಟು. 'ಮುಟ್ಟು' ಎಂಬ ಮಾತಂತೂ ಎಲ್ಲರಿಗೂ ಗೊತ್ತಿದ್ದದ್ದೇ. ಈ ಮಾತುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಕಾಣುತ್ತದೆ. ಆ ನಾಲ್ಕು ದಿನ ಹೆಣ್ಣು ಎಲ್ಲಿ ಕೂರಬೇಕು, ಯಾರನ್ನು ಮುಟ್ಟಬಾರದು ಎಂಬುದನ್ನು ಇವೆಲ್ಲ ಹೇಳುತ್ತವೆ. ಅವಳಿಗೆ ಏನಾಗುತ್ತಿದೆ ಎಂಬುದನ್ನು ಒಂದೂ ಹೇಳುವುದಿಲ್ಲ. ನೋವಿನ ಮಾತು ಬಂದರೆ 'ಹೊಟ್ಟೆನೋವು' ಎಂಬ ಒಂದೇ ಪದ. ಅಜೀರ್ಣಕ್ಕೂ ಅದೇ, ಜಂತುಹುಳುವಿಗೂ ಅದೇ, ತಿಂಗಳ ನೋವಿಗೂ ಅದೇ.

ತುಮಕೂರಿನಿಂದ ಕುಣಿಗಲ್ ರಸ್ತೆ ಹಿಡಿದರೆ ಸಿಗುವ ಮರಳೂರಿನಲ್ಲಿ ನನ್ನ ಚಿಕ್ಕಮ್ಮ ಬೆಳೆದಳು. ಈಗ ಮರಳೂರು ನಗರದೊಳಗೇ ಸೇರಿಹೋಗಿದೆ. 1979ರಲ್ಲಿ ಆರಂಭವಾದ ಸಿದ್ಧಾರ್ಥ ಎಂಜಿನಿಯರಿಂಗ್ ಕಾಲೇಜು, ಅದರ ಸುತ್ತ ಎದ್ದ ಬಡಾವಣೆಗಳು, ಬಾಡಿಗೆ ಮನೆಗಳು, ಅಂಗಡಿಸಾಲು ಎಲ್ಲ ಬಂದಿವೆ. ಚಿಕ್ಕಮ್ಮ ದೊಡ್ಡವಳಾದ 1991ರ ಸುಮಾರಿಗೆ ಅದಿನ್ನೂ ಮುಕ್ಕಾಲು ಪಾಲು ಹಳ್ಳಿಯೇ. ತಿಂಗಳಿಗೆ ಮೂರು ದಿನ ಅವಳು ಹಿತ್ತಲ ಕೋಣೆಯಲ್ಲಿ ಗೋಣಿಚೀಲದ ಮೇಲೆ ಮುದುಡಿ ಮಲಗುತ್ತಿದ್ದಳಂತೆ. ಅಜ್ಜಿ ಜೀರಿಗೆ ಕಷಾಯ ಕೊಡುತ್ತಿದ್ದರು, ಹೊಟ್ಟೆಗೆ ಹರಳೆಣ್ಣೆ ಸವರುತ್ತಿದ್ದರು, ಇಟ್ಟಿಗೆ ಕಾಯಿಸಿ ಬಟ್ಟೆಯಲ್ಲಿ ಸುತ್ತಿ ಕೊಡುತ್ತಿದ್ದರು. 'ಹೆಣ್ಣಾಗಿ ಹುಟ್ಟಿದ್ಮೇಲೆ ಇದೆಲ್ಲಾ ಇದ್ದದ್ದೇ ಕಣವ್ವ' ಎನ್ನುತ್ತಿದ್ದರು. ಎಸ್ಸೆಸ್ಸೆಲ್ಸಿಯ ಒಂದು ಪರೀಕ್ಷೆಗೆ ಹೋಗಲಾಗಲಿಲ್ಲ. ಆಮೇಲೆ ಯಾರೋ ಗಾಳಿ ಸೋಕಿದೆ ಎಂದರು, ತಾಯತ ಕಟ್ಟಿಸಿದ್ದಾಯಿತು. ಮದುವೆಯಾದರೆ ಸರಿಹೋಗುತ್ತದೆ ಎಂದರು, ಮದುವೆಯೂ ಆಯಿತು. ಸರಿಹೋಗಲಿಲ್ಲ. ಮಕ್ಕಳಾಗಲಿಲ್ಲವೆಂಬ ಮಾತು ಬೇರೆ ಸೇರಿಕೊಂಡಿತು. ತೋರಿಸಿದ ವೈದ್ಯರೊಬ್ಬರು ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲವೆಂದೂ ಮನಸ್ಸಿಗೆ ಹಚ್ಚಿಕೊಳ್ಳುವುದನ್ನು ಕಡಿಮೆ ಮಾಡಬೇಕೆಂದೂ ಹೇಳಿ ನಿದ್ದೆಮಾತ್ರೆ ಬರೆದುಕೊಟ್ಟರು. 2003ರಲ್ಲಿ ಬೆಂಗಳೂರಿನಲ್ಲಿ ಹೊಕ್ಕುಳ ಬಳಿ ಸಣ್ಣ ರಂಧ್ರ ಮಾಡಿ ದುರ್ಬೀನು ಇಳಿಸಿ ನೋಡಿದಾಗ ರೋಗದ ಹೆಸರು ತಿಳಿಯಿತು: ಎಂಡೊಮೆಟ್ರಿಯೋಸಿಸ್. ಹನ್ನೆರಡು ವರ್ಷ ಹಿಡಿದಿತ್ತು.

ಆ ದಿನ ಚಿಕ್ಕಮ್ಮ ಅತ್ತಳಂತೆ. ರೋಗ ಬಂದಿದೆ ಎಂದು ಅತ್ತದ್ದಲ್ಲ. 'ನಂದು ಸುಳ್ಳಲ್ಲ ಅಂತಾಯ್ತಲ್ಲ' ಎಂದು ಅತ್ತದ್ದು.

ಒಬ್ಬಳ ಕಥೆ ಇದು. ಆದರೆ ಇದರಲ್ಲಿ ಬಂದುಹೋಗುವ ತಾಯತ, ಮದುವೆ, ನಿದ್ದೆಮಾತ್ರೆ, ದುರ್ಬೀನು ಎಂಬ ನಾಲ್ಕು ಮೆಟ್ಟಿಲುಗಳು ಒಬ್ಬಳವಲ್ಲ. ಹೆಂಗಸಿನ ನೋವನ್ನು ಲೋಕ ಹೇಗೆ ಅರ್ಥಮಾಡಿಕೊಂಡಿತು ಎಂಬ ಎರಡು ಸಾವಿರ ವರ್ಷಗಳಿಗೂ ಮೀರಿದ ಚರಿತ್ರೆ ಈ ನಾಲ್ಕರಲ್ಲಿ ಅಡಗಿದೆ.

ರೋಗವೆಂದರೆ ಏನು?

ಗರ್ಭಕೋಶದ ಒಳಗೋಡೆಗೆ ಒಂದು ಪದರವಿದೆ. ತಿಂಗಳು ತಿಂಗಳೂ ಅದು ದಪ್ಪವಾಗಿ ಬೆಳೆಯುತ್ತದೆ, ಗರ್ಭ ನಿಲ್ಲದಿದ್ದರೆ ಕಳಚಿ ರಕ್ತದೊಂದಿಗೆ ಹೊರಬೀಳುತ್ತದೆ. ಇದೇ ಮುಟ್ಟು. ಕೆಲವು ಹೆಂಗಸರಲ್ಲಿ ಈ ಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಗರ್ಭಕೋಶದ ಹಿಂದಿನ ಸಂದಿನಲ್ಲಿ, ಕರುಳಿನ ಮೇಲೆ, ಮೂತ್ರಕೋಶದ ಮೇಲೆ ಬೆಳೆಯುತ್ತದೆ. ಹಾರ್ಮೋನುಗಳ ಏರಿಳಿತಕ್ಕೆ ಅದೂ ಸ್ಪಂದಿಸುತ್ತದೆ, ಅದರಿಂದಲೂ ರಕ್ತ ಒಸರಬಹುದು. ಆದರೆ ಆ ರಕ್ತಕ್ಕೆ ಹೊರಗೆ ಹೋಗುವ ದಾರಿಯಿಲ್ಲ. ಸುತ್ತಲ ಭಾಗ ಉರಿಯೂತಕ್ಕೆ ಒಳಗಾಗುತ್ತದೆ, ಗಾಯ ಮಾಯುವಾಗ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಡಾಶಯದಲ್ಲಿ ಹಳೆಯ ರಕ್ತ ಸಂಗ್ರಹವಾಗಿ ಕಂದು ಬಣ್ಣದ ಗಂಟಾದರೆ ಅದಕ್ಕೆ ವೈದ್ಯರು 'ಚಾಕೊಲೇಟ್ ಗಂಟು' ಎನ್ನುತ್ತಾರೆ.

ಮುಟ್ಟಿನ ತೀವ್ರ ನೋವು, ಮಲವಿಸರ್ಜನೆಯ ಹೊತ್ತಿನ ನೋವು, ದಾಂಪತ್ಯದ ನೋವು, ಸದಾ ಇರುವ ಸೊಂಟನೋವು, ಸುಸ್ತು, ಕೆಲವರಲ್ಲಿ ಬಂಜೆತನ ಇವು ಇದರ ಲಕ್ಷಣಗಳು. ವಿಶ್ವ ಆರೋಗ್ಯ ಸಂಸ್ಥೆಯ 2023ರ ಅಂದಾಜಿನಂತೆ ಮುಟ್ಟಾಗುವ ವಯಸ್ಸಿನ ಹೆಂಗಸರಲ್ಲಿ ಶೇಕಡಾ 10ರಷ್ಟು, ಅಂದರೆ ಜಗತ್ತಿನಲ್ಲಿ ಸುಮಾರು 19 ಕೋಟಿ ಮಂದಿಗೆ ಈ ತೊಂದರೆಯಿದೆ. ಆದರೂ ಹಲವು ದೇಶಗಳಲ್ಲಿ ಲಕ್ಷಣ ಕಾಣಿಸಿಕೊಂಡು ರೋಗ ಪತ್ತೆಯಾಗುವುದಕ್ಕೆ ಸರಾಸರಿ ಏಳರಿಂದ ಹತ್ತು ವರ್ಷ ಹಿಡಿದದ್ದು ಅಧ್ಯಯನಗಳಲ್ಲಿ ಕಂಡಿದೆ.

ಇಷ್ಟು ತಡವೇಕೆ? ರೋಗದ ಸ್ವಭಾವವೇ ಒಂದು ಕಾರಣ. ಒಳಗಿನ ಗಾಯ ಎಷ್ಟಿದೆ ಎಂಬುದಕ್ಕೂ ನೋವು ಎಷ್ಟಿದೆ ಎಂಬುದಕ್ಕೂ ಇಲ್ಲಿ ತಾಳೆಯಾಗುವುದಿಲ್ಲ. ಸಾಸಿವೆಯಷ್ಟು ಕಲೆಯಿದ್ದವಳು ನೆಲಕ್ಕೆ ಬಿದ್ದು ಹೊರಳಾಡಬಹುದು, ದೊಡ್ಡ ಗಂಟಿದ್ದವಳು ಆರಾಮಾಗಿ ಓಡಾಡಬಹುದು. ಸಣ್ಣ ಕಲೆಗಳು ಸಾಮಾನ್ಯ ಸ್ಕ್ಯಾನಿಂಗ್‌ನಲ್ಲಿ ಕಾಣುವುದೂ ಇಲ್ಲ. ಕಣ್ಣಿಗೆ ಕಾಣದ ನೋವನ್ನು ನಂಬುವುದು ಕಷ್ಟ. ಎರಡನೆಯ ಕಾರಣ ಚರಿತ್ರೆಯಲ್ಲಿದೆ.

ಗಾಳಿ ಎಂಬ ಎರಡರ್ಥದ ಮಾತು

ನಮ್ಮ ವೈದ್ಯಶಾಸ್ತ್ರದಲ್ಲಿ ಮುಟ್ಟಿನ ನೋವಿಗೆ ಜಾಗವಿತ್ತು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಹೆಂಗಸರ ಜನನಾಂಗದ 20 ಬಗೆಯ ತೊಂದರೆಗಳ ಪಟ್ಟಿಯಿದೆ. ಅದರಲ್ಲಿ 'ಉದಾವರ್ತಿನೀ' ಎಂಬುದೂ ಒಂದು. ಕೆಳಮುಖವಾಗಿ ಹರಿಯಬೇಕಾದ ರಕ್ತ ವಾಯುವಿನ ಒತ್ತಡದಿಂದ ಮೇಲ್ಮುಖವಾಗುತ್ತದೆ, ಕಷ್ಟದಿಂದ ಹೊರಬರುತ್ತದೆ, ಹೊರಬಂದ ಮೇಲೆ ಹೆಂಗಸಿಗೆ ನೋವು ಇಳಿಯುತ್ತದೆ ಎಂಬುದು ಅಲ್ಲಿಯ ವಿವರಣೆ. ಇದೇ ಇಂದಿನ ಎಂಡೊಮೆಟ್ರಿಯೋಸಿಸ್ ಎನ್ನುವುದು ಅವಸರದ ಮಾತಾದೀತು. ಆದರೆ ಒಂದು ಮಾತು ನಿಜ: ಚರಕನ ಪ್ರಕಾರ ಈ ನೋವು ದೇಹದ ನೋವು. ವಾತ ಕೆಟ್ಟದ್ದಕ್ಕೆ ಬಂದದ್ದು, ಎಣ್ಣೆ, ಬಸ್ತಿ, ಕಷಾಯಗಳಿಂದ ಸರಿಪಡಿಸಬೇಕಾದದ್ದು.

ವಾತವೆಂದರೆ ಗಾಳಿ. ಕನ್ನಡದಲ್ಲಿ ಗಾಳಿಗೆ ಇನ್ನೊಂದು ಅರ್ಥವೂ ಇದೆಯಷ್ಟೆ. 'ಗಾಳಿ ಸೋಕಿದೆ', 'ಗಾಳಿ ಮೆಟ್ಟಿದೆ' ಎಂದರೆ ಅದು ವೈದ್ಯನ ಗಾಳಿಯಲ್ಲ, ದೆವ್ವದ ಗಾಳಿ. ಪದ ಒಂದೇ, ಹೋಗುವ ಬಾಗಿಲು ಬೇರೆ. ಒಂದು ಅಳಲೆಕಾಯಿ ಪಂಡಿತರ ಮನೆಗೆ ಕರೆದೊಯ್ದರೆ ಇನ್ನೊಂದು ಬೇವಿನ ಸೊಪ್ಪು ಹಿಡಿದವನ ಮುಂದೆ ಕೂರಿಸುತ್ತದೆ. ತಿಂಗಳಿಗೊಮ್ಮೆ ಸರಿಯಾದ ಲೆಕ್ಕದಲ್ಲಿ ಬಂದು ಹೋಗುವ ನೋವು ದೆವ್ವದ ಕಾಟದಂತೆ ಕಂಡಿದ್ದರೆ ಆಶ್ಚರ್ಯವೇನೂ ಇಲ್ಲ.

ಯುರೋಪಿನ ದಾರಿಯೂ ಇದಕ್ಕಿಂತ ಬಹಳ ದೂರವಿರಲಿಲ್ಲ. ಗ್ರೀಕ್ ಭಾಷೆಯಲ್ಲಿ 'ಹಿಸ್ಟೆರಾ' ಎಂದರೆ ಗರ್ಭಕೋಶ. ಗರ್ಭ ಧರಿಸದ ಗರ್ಭಕೋಶ ದೇಹದೊಳಗೆ ಅಲೆದಾಡುತ್ತದೆ, ಉಸಿರು ಕಟ್ಟಿಸುತ್ತದೆ, ನಾನಾ ರೋಗ ತರುತ್ತದೆ ಎಂಬ ನಂಬಿಕೆ ಅಲ್ಲಿತ್ತು. ಪ್ಲೇಟೋ ಕೂಡ ಈ ಮಾತು ಹೇಳಿದ್ದಾನೆ. ಅದಕ್ಕೆ ಸೂಚಿಸುತ್ತಿದ್ದ ಮದ್ದು ಮದುವೆ ಮತ್ತು ಬಸುರು. ಮರಳೂರಿನಲ್ಲಿ ನನ್ನ ಚಿಕ್ಕಮ್ಮನಿಗೆ ನೆಂಟರು ಸೂಚಿಸಿದ್ದೂ ಅದನ್ನೇ.

'ಹಿಸ್ಟೀರಿಯಾ' ಎಂಬ ಹೆಸರು ಹೀಗೆ ಹುಟ್ಟಿತು. 19ನೇ ಶತಮಾನದ ಕೊನೆಯ ಭಾಗದಲ್ಲಿ ಪ್ಯಾರಿಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಶಾರ್ಕೋ ಎಂಬ ವೈದ್ಯ ಹಿಸ್ಟೀರಿಯಾ ರೋಗಿಗಳನ್ನು ಸಭೆಯ ಮುಂದೆ ಪ್ರದರ್ಶಿಸುತ್ತಿದ್ದ. ಅವನಲ್ಲಿ ಕಲಿತುಬಂದ ಸಿಗ್ಮಂಡ್ ಫ್ರಾಯ್ಡ್ 1895ರಲ್ಲಿ ಬ್ರಾಯರ್ ಜತೆ ಹಿಸ್ಟೀರಿಯಾ ಕುರಿತ ಗ್ರಂಥ ಪ್ರಕಟಿಸಿದ. ಅದುಮಿಟ್ಟ ನೆನಪು ದೇಹದ ನೋವಾಗಿ ಹೊರಬರುತ್ತದೆ ಎಂಬುದು ಅದರ ತಿರುಳು. ಗರ್ಭಕೋಶದಲ್ಲಿದ್ದ ರೋಗ ಹೀಗೆ ಮನಸ್ಸಿಗೆ ಹೋಗಿ ನಿಂತಿತು. ಈ ಹಿಸ್ಟೀರಿಯಾ ರೋಗಿಗಳಲ್ಲಿ ಎಷ್ಟು ಮಂದಿಗೆ ನಿಜವಾಗಿ ಹೊಟ್ಟೆಯೊಳಗೆ ಗಾಯವಿತ್ತೋ ಯಾರು ಬಲ್ಲರು? ಶತಮಾನಗಳ ಕಾಲ ಹಿಸ್ಟೀರಿಯಾ ಎಂದು ಕರೆದದ್ದರಲ್ಲಿ ಬಹಳಷ್ಟು ಎಂಡೊಮೆಟ್ರಿಯೋಸಿಸ್ ಆಗಿದ್ದಿರಬೇಕು ಎಂದು ಅಮೆರಿಕದ ಶಸ್ತ್ರವೈದ್ಯ ನೆಜಾತ್ ಸೋದರರು 2012ರಲ್ಲಿ ವಾದ ಮಂಡಿಸಿದರು. ಅದು ವಾದವೇ ಹೊರತು ರುಜುವಾತಲ್ಲ. ಆದರೆ ತಳ್ಳಿಹಾಕುವಂಥದ್ದೂ ಅಲ್ಲ. ಅಮೆರಿಕದ ಮನೋವೈದ್ಯರು ತಮ್ಮ ಅಧಿಕೃತ ರೋಗಪಟ್ಟಿಯಿಂದ ಹಿಸ್ಟೀರಿಯಾ ಎಂಬ ಹೆಸರನ್ನು ಕೈಬಿಟ್ಟದ್ದು 1980ರಲ್ಲಿ.

ಸೂಕ್ಷ್ಮದರ್ಶಕದಿಂದ ದುರ್ಬೀನಿನವರೆಗೆ

ಅತ್ತ ಮನಸ್ಸಿನ ಮಾತು ನಡೆದಿರುವಾಗಲೇ ಇತ್ತ ಶವಪರೀಕ್ಷೆಯ ಮೇಜಿನ ಮೇಲೆ ಬೇರೊಂದು ಸತ್ಯ ಕಾಣತೊಡಗಿತ್ತು. ವಿಯೆನ್ನಾದ ರೋಗಶಾಸ್ತ್ರಜ್ಞ ಕಾರ್ಲ್ ಫಾನ್ ರೊಕಿಟಾನ್ಸ್ಕಿ 1860ರಲ್ಲಿ ಗರ್ಭಕೋಶದ ಒಳಪದರದಂಥ ಅಂಗಾಂಶ ಇರಬಾರದ ಜಾಗದಲ್ಲಿ ಇರುವುದನ್ನು ಬರೆದಿಟ್ಟ. ಈ ರೋಗದ ಮೊದಲ ವೈಜ್ಞಾನಿಕ ವಿವರಣೆ ಎಂದು ಸಾಮಾನ್ಯವಾಗಿ ಇದನ್ನೇ ಹೆಸರಿಸುತ್ತಾರೆ.

ರೋಗಕ್ಕೆ ಇಂದಿನ ಹೆಸರು ನಿಂತದ್ದು 1920ರ ದಶಕದಲ್ಲಿ, ಅಮೆರಿಕದ ಆಲ್ಬನಿ ಊರಿನ ಜಾನ್ ಸ್ಯಾಂಪ್ಸನ್ ಎಂಬ ವೈದ್ಯರಿಂದ. ಮುಟ್ಟಿನ ರಕ್ತದ ಒಂದಂಶ ಹಿಮ್ಮುಖವಾಗಿ ಗರ್ಭನಾಳಗಳ ಮೂಲಕ ಹೊಟ್ಟೆಯೊಳಕ್ಕೆ ಚೆಲ್ಲುತ್ತದೆ, ಅದರಲ್ಲಿರುವ ಕಣಗಳು ಅಲ್ಲಿ ಬೇರೂರುತ್ತವೆ ಎಂದು ಅವರು 1927ರಲ್ಲಿ ಹೇಳಿದರು. ಈ ಸಿದ್ಧಾಂತ ಇಂದಿಗೂ ಚಾಲ್ತಿಯಲ್ಲಿದೆ, ಆದರೆ ಪೂರ್ತಿ ಉತ್ತರವಲ್ಲ. ಹಿಮ್ಮುಖ ಹರಿವು ಬಹುಪಾಲು ಹೆಂಗಸರಲ್ಲಿ ಇರುತ್ತದೆ, ರೋಗ ಬರುವುದು ಕೆಲವರಿಗೆ ಮಾತ್ರ. ರೋಗನಿರೋಧಕ ಶಕ್ತಿ, ಹಾರ್ಮೋನು, ವಂಶವಾಹಿ ಎಲ್ಲಕ್ಕೂ ಪಾತ್ರವಿದೆ ಎಂಬುದು ಈಗಿನ ತಿಳಿವಳಿಕೆ.

ಹೆಸರು ಸಿಕ್ಕ ಮೇಲೂ ಉಪದೇಶ ನಿಲ್ಲಲಿಲ್ಲ. 1940ರ ದಶಕದಲ್ಲಿ ಬಾಸ್ಟನ್ನಿನ ಪ್ರಸಿದ್ಧ ಸ್ತ್ರೀರೋಗ ತಜ್ಞ ಜೋ ಮೀಗ್ಸ್, ತಡವಾಗಿ ಮದುವೆಯಾಗುವ, ತಡವಾಗಿ ಹೆರುವ ಹೆಂಗಸರಿಗೆ ಇದು ಬರುತ್ತದೆಂದು ಬರೆದು, ಬೇಗ ಮದುವೆ ಬೇಗ ಮಕ್ಕಳು ಎಂಬ ಸಲಹೆ ಕೊಟ್ಟರು. 'ಉದ್ಯೋಗಸ್ಥೆಯರ ಕಾಯಿಲೆ' ಎಂಬ ಅಪಖ್ಯಾತಿ ಅದಕ್ಕೆ ಬಹುಕಾಲ ಅಂಟಿಕೊಂಡಿತ್ತು. ಬಡವರಿಗೆ, ಹಳ್ಳಿಯವರಿಗೆ, ಹದಿಹರೆಯದವರಿಗೆ ಈ ರೋಗ ಬರುವುದಿಲ್ಲ ಎಂಬ ತಪ್ಪು ಕಲ್ಪನೆಯೂ ಅದರೊಂದಿಗೆ ಬೆಳೆಯಿತು. ದುರ್ಬೀನು ಇಳಿಸಿ ನೋಡುವ ಲ್ಯಾಪರೊಸ್ಕೋಪಿ ಬಂದ ಮೇಲಷ್ಟೆ ಬದುಕಿರುವ ಹೆಂಗಸಿನ ಹೊಟ್ಟೆಯನ್ನು ದೊಡ್ಡದಾಗಿ ಕೊಯ್ಯದೆ ಈ ಗಾಯಗಳನ್ನು ಕಣ್ಣಾರೆ ಕಾಣುವುದು ಸಾಧ್ಯವಾಯಿತು.

ಕೋಟದಿಂದ ನಿಮ್ಹಾನ್ಸ್‌ಗೆ

ಈಗ ಕರ್ನಾಟಕಕ್ಕೆ ಬರೋಣ. ಹೆಂಗಸರ ಮೈನೋವಿಗೂ ಮನೋವೇದನೆಗೂ ಇರುವ ನಂಟನ್ನು ಕುರಿತು ನಡೆದ ಕೆಲವು ಮುಖ್ಯ ಅಧ್ಯಯನಗಳು ನಮ್ಮ ರಾಜ್ಯದವೇ ಎಂಬುದು ಅನೇಕರಿಗೆ ತಿಳಿದಿಲ್ಲ.

ಶಿವರಾಮ ಕಾರಂತರ ಹುಟ್ಟೂರಾದ ಕೋಟದಲ್ಲಿ ಮನೋವೈದ್ಯರಾದ ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಅಧ್ಯಯನ ನಡೆಸಿ 1976ರಲ್ಲಿ 'ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ' ಎಂಬ ಪುಸ್ತಕ ಪ್ರಕಟಿಸಿದರು. ಜನ ಕಷ್ಟ ಬಂದಾಗ ಯಾರ ಬಳಿ ಹೋಗುತ್ತಾರೆ ಎಂಬುದನ್ನೂ ಕಪೂರ್ ದಾಖಲಿಸಿದರು. ನಾಟಿ ವೈದ್ಯ, ಮಂತ್ರವಾದಿ, ದೈವದ ಪಾತ್ರಿ, ಇಂಗ್ಲಿಷ್ ಔಷಧಿಯ ಡಾಕ್ಟರು ಎಲ್ಲರಿಗೂ ಅಲ್ಲಿ ಗಿರಾಕಿಗಳಿದ್ದರು. ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಹಿಡಿಯುವುದೇನೂ ಇಲ್ಲ, ಒಂದೇ ಕಾಯಿಲೆಗೆ ಎಲ್ಲ ಬಾಗಿಲೂ ತಟ್ಟುವುದುಂಟು.

ಅದೇ ದಕ್ಷಿಣ ಕನ್ನಡದಲ್ಲಿ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ ಹವ್ಯಕ ಹೆಂಗಸರ ನಡುವೆ ಅಧ್ಯಯನ ಮಾಡಿ 1981ರಲ್ಲಿ ಒಂದು ಪ್ರಬಂಧ ಬರೆದರು. ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದ ಸಂಕಟವನ್ನು ಹೆಂಗಸರು ಕಾಯಿಲೆಯ ಮೂಲಕ, ಊಟ ಬಿಡುವುದರ ಮೂಲಕ, ಅತಿಯಾದ ಮಡಿಯ ಮೂಲಕ, ಮೈಮೇಲೆ ಬರುವುದರ ಮೂಲಕ ಹೇಗೆ ಹೇಳಿಕೊಳ್ಳುತ್ತಾರೆ ಎಂಬುದನ್ನು ಅವರು ವಿವರಿಸಿದರು. 'ಸಂಕಟದ ನುಡಿಗಟ್ಟು' ಎಂಬ ಅರ್ಥದ ಅವರ ಪರಿಭಾಷೆ ಇಂದು ಜಗತ್ತಿನಾದ್ಯಂತ ಮನೋವೈದ್ಯ ವಿದ್ಯಾರ್ಥಿಗಳಿಗೆ ಪಾಠವಾಗಿದೆ. ಹುಟ್ಟಿದ್ದು ನಮ್ಮ ಕರಾವಳಿಯ ಅಡಿಕೆ ತೋಟಗಳ ನಡುವೆ.

ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ಗಮನಿಸಿದ್ದು ಇನ್ನೊಂದು ಸಂಗತಿ. 'ಬಿಳಿ ಹೋಗುತ್ತೆ, ಸೊಂಟ ನೋಯುತ್ತೆ, ಕೈಕಾಲು ಸೋಲುತ್ತೆ' ಎಂದು ಬರುವ ಹೆಂಗಸರು ಬಹಳ. ದೇಹದ ಸತ್ವವೇ ಹರಿದುಹೋಗುತ್ತಿದೆ ಎಂಬ ಭಯ ಅವರಿಗೆ. ಸಂತೋಷ್ ಚತುರ್ವೇದಿ 1988ರಲ್ಲಿ ಈ ಬಗ್ಗೆ ಬರೆದರು. 1993ರಲ್ಲಿ ಅವರೂ ಪ್ರಭಾ ಚಂದ್ರ ಮೊದಲಾದ ಸಹೋದ್ಯೋಗಿಗಳೂ ಸೇರಿ, ರೋಗವಲ್ಲದ ಸಹಜ ಬಿಳುಪಿನ ಮೇಲೆ ಹೆಂಗಸರು ತಮ್ಮ ಮೈಕೈ ನೋವಿನ ಹೊಣೆ ಹೊರಿಸುವುದನ್ನು ಕುರಿತು ಪ್ರಕಟಿಸಿದರು. ಸೋಂಕು ಇಲ್ಲದಿರುವಾಗ ಆ ದೂರಿನ ಹಿಂದೆ ಮನೆಯ ಚಿಂತೆ, ಖಿನ್ನತೆ ಇರಬಹುದೆಂಬುದು ಇಂಥ ಕೆಲಸದಿಂದ ಸ್ಪಷ್ಟವಾಯಿತು.

ಇದು ದೊಡ್ಡ ಮಾತು. ಮನಸ್ಸಿನ ನೋವಿಗೆ ಮಾತು ಸಿಗದ ಹೆಂಗಸಿಗೆ ದೇಹವೇ ನಾಲಗೆಯಾಗುತ್ತದೆ ಎಂದು ತೋರಿಸಿಕೊಟ್ಟ ಮಾತು. ಆದರೆ ಇದನ್ನು ಅರ್ಧ ಕೇಳಿಸಿಕೊಂಡವರ ಕೈಯಲ್ಲಿ ಅಪಾಯವೂ ಇದೆ. ಪರೀಕ್ಷೆ ಮಾಡಿ, ಬೇರೆ ಕಾರಣವಿಲ್ಲವೆಂದು ಖಚಿತಪಡಿಸಿಕೊಂಡು ತಲುಪಬೇಕಾದ ನಿರ್ಣಯವನ್ನು ಪರೀಕ್ಷೆಗೆ ಮುನ್ನವೇ ಹೇಳಿಬಿಟ್ಟರೆ? 'ಎಲ್ಲ ಮನಸ್ಸಿನದು' ಎಂದು ಕಳಿಸಿಬಿಟ್ಟರೆ? 1995ರಲ್ಲಿ ಜಗದೀಶ್ ಭಾಟಿಯಾ ಮತ್ತು ಜಾನ್ ಕ್ಲೀಲ್ಯಾಂಡ್ ಪ್ರಕಟಿಸಿದ ಅಧ್ಯಯನಕ್ಕಾಗಿ ಕರ್ನಾಟಕದ 3,600 ತಾಯಂದಿರನ್ನು ಮಾತಾಡಿಸಲಾಗಿತ್ತು. ಸುಮಾರು ಮೂರನೇ ಒಂದು ಭಾಗದವರು ಕನಿಷ್ಠ ಒಂದು ತೊಂದರೆಯಾದರೂ ಇದೆ ಎಂದರು. ನಿಶ್ಶಕ್ತಿ, ಮುಟ್ಟಿನ ದೋಷ, ಬಿಳಿಸೆರಗು, ಕಿಬ್ಬೊಟ್ಟೆಯ ನೋವು ಆ ಪಟ್ಟಿಯಲ್ಲಿದ್ದವು. ಹೆರಿಗೆಯ ಸಮಯದಲ್ಲಿ ತೊಂದರೆ ಅನುಭವಿಸಿದವರಲ್ಲಿ ಈ ದೂರು ಹೆಚ್ಚಿತ್ತು. ಎಲ್ಲವನ್ನೂ ಮನಸ್ಸಿನ ಖಾತೆಗೆ ಬರೆಯಲಾಗದು ಎಂಬುದಕ್ಕೆ ಇಷ್ಟು ಸಾಕು.

ಹೊಟ್ಟೆಹುಣ್ಣಿನ ಉದಾಹರಣೆ ಇಲ್ಲಿ ನೆನಪಿಗೆ ಬರುತ್ತದೆ. ಚಿಂತೆ ಮಾಡುವವರಿಗೆ ಬರುವ ಮನೋದೈಹಿಕ ಕಾಯಿಲೆ ಎಂದೇ ಅದನ್ನು ದಶಕಗಳ ಕಾಲ ವೈದ್ಯಪುಸ್ತಕಗಳು ಹೇಳುತ್ತಿದ್ದವು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅದಕ್ಕೊಂದು ಬ್ಯಾಕ್ಟೀರಿಯ ಕಾರಣವೆಂದು ತೋರಿಸಿದರು. 2005ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ತೆಗೆದು ಹಾಕಿದರೆ ಮುಗಿಯಿತೇ?

ನಂಬದಿರುವುದು ಒಂದು ತಪ್ಪಾದರೆ ಅದರ ತದ್ವಿರುದ್ಧ ತಪ್ಪೂ ನಮ್ಮ ರಾಜ್ಯದಲ್ಲಿ ನಡೆದಿದೆ. 2010ರ ದಶಕದಲ್ಲಿ ಕಲಬುರಗಿ ಜಿಲ್ಲೆಯ ಹಳ್ಳಿಗಳಲ್ಲಿ, ತಾಂಡಾಗಳಲ್ಲಿ ಚಿಕ್ಕ ವಯಸ್ಸಿನ ನೂರಾರು ಹೆಂಗಸರ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆಯಲಾಗಿದೆ ಎಂಬ ದೂರು ಎದ್ದಿತು. ಬಡ ದಲಿತ, ಲಂಬಾಣಿ ಹೆಂಗಸರೇ ಹೆಚ್ಚು. ಬಿಳಿಸೆರಗು, ಸೊಂಟನೋವು, ಮುಟ್ಟಿನ ನೋವು ಎಂದು ಹೋದವರಿಗೆ ಕ್ಯಾನ್ಸರ್ ಆಗುತ್ತದೆ ಎಂದು ಹೆದರಿಸಿದ ಆರೋಪವಿತ್ತು. ಆರೋಗ್ಯ ಹೋರಾಟಗಾರರ ಒತ್ತಾಯದಿಂದ ಸರ್ಕಾರ ತನಿಖೆಗೆ ಮುಂದಾಯಿತು. ಇತರ ರಾಜ್ಯಗಳ ಇಂಥದೇ ಪ್ರಕರಣದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಹೇಳಿತು.

ಎಂಡೊಮೆಟ್ರಿಯೋಸಿಸ್ ಇದ್ದವರಲ್ಲೂ ಗರ್ಭಕೋಶ ತೆಗೆದ ಮಾತ್ರಕ್ಕೆ ನೋವು ಹೋಗುತ್ತದೆ ಎಂಬ ಖಾತರಿಯಿಲ್ಲ. ಗಾಯವಿರುವುದು ಅದರ ಹೊರಗೆ ಅಲ್ಲವೆ? ಒಬ್ಬಳಿಗೆ 'ನಿನಗೇನೂ ಇಲ್ಲ' ಎಂದು ನಿದ್ದೆಮಾತ್ರೆ, ಇನ್ನೊಬ್ಬಳಿಗೆ ಏನೂ ಕೇಳದೆ ಕತ್ತರಿ. ಎರಡರಲ್ಲೂ ಅವಳ ಮಾತನ್ನು ಪೂರ್ತಿ ಕೇಳಿದವರಿಲ್ಲ.

ಹಟ್ಟಿಯ ಹೊರಗೆ

ತುಮಕೂರು ಜಿಲ್ಲೆಯವರಿಗೆ ಇದರ ಇನ್ನೊಂದು ಮುಖವೂ ಗೊತ್ತು. ಗುಬ್ಬಿ, ಶಿರಾ ಮೊದಲಾದ ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗೆ ಇರಿಸುವ ಪದ್ಧತಿ ಬಹುಕಾಲದ್ದು. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಊರ ಹೊರಗಿನ ಗುಡಿಸಲಿನಲ್ಲಿದ್ದ ಬಾಣಂತಿಯ ಹಸುಗೂಸು ತೀರಿಕೊಂಡಾಗ ರಾಜ್ಯವೇ ತಿರುಗಿ ನೋಡಿತು. 2017ರಲ್ಲಿ ರಾಜ್ಯ ರೂಪಿಸಿದ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ, ಮುಟ್ಟಾದವರನ್ನೂ ಗರ್ಭಿಣಿಯರನ್ನೂ ಬಲವಂತವಾಗಿ ಹೊರಗಿಡುವುದನ್ನು ಅಪರಾಧವೆಂದು ಸಾರಿದೆ. ಹಟ್ಟಿಯೊಂದನ್ನೇ ಬೆರಳು ಮಾಡಿ ತೋರಿಸುವುದು ಸರಿಯಲ್ಲ. ಪೇಟೆಯ ಮನೆಗಳಲ್ಲೂ ಹಿತ್ತಲ ಕೋಣೆಗಳಿದ್ದವು, ಇವೆ.

ಹೊರಗಿಡುವುದರಿಂದ ಆಗುವ ಒಂದು ಹಾನಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಮರೆಯಲ್ಲಿ ಕೂತವಳ ನೋವು ಕಣ್ಣಿಗೆ ಬೀಳುವುದಿಲ್ಲ. ಯಾವ ನೋವು ಸಹಜ, ಯಾವುದು ಅಲ್ಲ ಎಂದು ಹೋಲಿಸಿ ನೋಡುವುದಕ್ಕೆ ಹುಡುಗಿಗೆ ಅವಕಾಶವೇ ಇರುವುದಿಲ್ಲ. ಕನ್ನಡದಲ್ಲಿ ಈ ಮೌನವನ್ನು ಮುರಿದವರಲ್ಲಿ ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ (1934-1991) ಮುಖ್ಯರು. ಅವರ 'ವಧುವಿಗೆ ಕಿವಿಮಾತು', 'ತಾಯಿ ಮಗು' ಪುಸ್ತಕಗಳು ಮನೆಮನೆಯ ಕಪಾಟಿನಲ್ಲಿದ್ದವು. 2013-14ರಲ್ಲಿ ಬಂದ ಸರ್ಕಾರದ 'ಶುಚಿ' ಯೋಜನೆ ಶಾಲಾ ಹುಡುಗಿಯರಿಗೆ ಸ್ಯಾನಿಟರಿ ಪ್ಯಾಡ್ ತಲುಪಿಸಿತು. ಆದರೆ ಹೆಸರೇ ಹೇಳುವಂತೆ ಅದು ಶುಚಿಯ ಯೋಜನೆ, ನೋವಿನದಲ್ಲ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಉದ್ಯೋಗಸ್ಥ ಮಹಿಳೆಯರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ರಜೆ ಬೇಕೆ ಬೇಡವೆ ಎಂಬ ಚರ್ಚೆ ಇರಲಿ, ಮುಟ್ಟಿಗೆ ನೋವೂ ಇರುತ್ತದೆ ಎಂಬುದನ್ನು ಸರ್ಕಾರವೇ ಒಪ್ಪಿಕೊಂಡಂತಾಯಿತು.

ಎರಡು ಕಡೆಯಿಂದಲೂ ಹರಿಯುವ ನೀರು

ಹಾಗಾದರೆ ಈ ರೋಗಕ್ಕೂ ಮನಸ್ಸಿಗೂ ಸಂಬಂಧವೇ ಇಲ್ಲವೆ? ಇದೆ. ಆದರೆ ಹಿಂದಿನವರು ತಿಳಿದ ದಿಕ್ಕಿನಲ್ಲಲ್ಲ.

ಎಂಡೊಮೆಟ್ರಿಯೋಸಿಸ್ ಇರುವ ಹೆಂಗಸರಲ್ಲಿ ಖಿನ್ನತೆ, ಆತಂಕಗಳು ಹೆಚ್ಚು ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ವರ್ಷಗಟ್ಟಲೆ ನೋವು ತಿಂದವರ ಮನಸ್ಸು ಸೋಲುವುದು ಸಹಜವೇ. ನೋವು ಒಂದೇ ಸಮನೆ ಬರುತ್ತಿದ್ದರೆ ನರಮಂಡಲವೇ ಬದಲಾಗುತ್ತದೆ ಎಂದೂ ವಿಜ್ಞಾನಿಗಳು ಹೇಳುತ್ತಾರೆ. ಸಣ್ಣ ಸದ್ದಿಗೂ ಬೊಗಳುವ ನಾಯಿಯಂತೆ ನರಗಳು ಸಣ್ಣ ಪ್ರಚೋದನೆಗೂ ದೊಡ್ಡ ನೋವನ್ನು ಸಾರತೊಡಗುತ್ತವೆ. ಶಸ್ತ್ರಚಿಕಿತ್ಸೆಯಲ್ಲಿ ಗಾಯ ತೆಗೆದ ಮೇಲೂ ಕೆಲವರಿಗೆ ನೋವು ಉಳಿಯುವುದಕ್ಕೆ ಇದೂ ಒಂದು ಕಾರಣ. ನಿದ್ದೆಗೇಡು, ಭಯ, ಮನೆಯವರ ಚುಚ್ಚುಮಾತು ಆ ನೋವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಬ್ರಿಟನ್ನಿನ 8,000ಕ್ಕೂ ಹೆಚ್ಚು ರೋಗಿಗಳ ಮಾಹಿತಿ ಆಧರಿಸಿ 2023ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇನ್ನೂ ಮುಂದೆ ಹೋಯಿತು. ಈ ರೋಗಕ್ಕೂ ಖಿನ್ನತೆ, ಆತಂಕಗಳಿಗೂ ವಂಶವಾಹಿಗಳ ಮಟ್ಟದಲ್ಲೇ ಹಂಚಿಕೊಂಡ ಬೇರುಗಳಿವೆ, ಎಲ್ಲವೂ ನೋವಿನ ಪರಿಣಾಮ ಮಾತ್ರವಲ್ಲ ಎಂಬ ಸೂಚನೆ ಅದರಲ್ಲಿದೆ.

ದೇಹ ಬೇರೆ ಮನಸ್ಸು ಬೇರೆ ಎಂದು ಗೆರೆ ಎಳೆದು, ರೋಗ ಯಾವ ಕಡೆಯದು ಎಂದು ಕೇಳುವುದೇ ತಪ್ಪು ಪ್ರಶ್ನೆ ಎಂದಾಯಿತು. ಮನಸ್ಸಿನದು ಎಂದವರು ಹೊಟ್ಟೆಯನ್ನು ನೋಡಲಿಲ್ಲ. ಹೊಟ್ಟೆಯದು ಎಂದವರು ಮನಸ್ಸನ್ನು ವಿಚಾರಿಸಲಿಲ್ಲ. ಕೋಟದಲ್ಲಿ, ದಕ್ಷಿಣ ಕನ್ನಡದಲ್ಲಿ, ನಿಮ್ಹಾನ್ಸ್‌ನಲ್ಲಿ ಕಲಿತ ಪಾಠವನ್ನೂ ಸ್ಯಾಂಪ್ಸನ್ ಕಲಿಸಿದ ಪಾಠವನ್ನೂ ಒಂದೇ ಕೋಣೆಯಲ್ಲಿ ಓದಬೇಕು. ಮಾನಸಿಕ ನೆರವು ಬೇಕೆಂದು ಹೇಳಿದರೆ ನೋವು ಸುಳ್ಳೆಂದು ಅರ್ಥವಲ್ಲ, ಮಾತ್ರೆ ಕೊಟ್ಟರೆ ಮನಸ್ಸಿನ ಮಾತು ಮುಗಿಯಿತೆಂದೂ ಅಲ್ಲ.

ಚಿಕಿತ್ಸೆಯೂ ಬದಲಾಗಿದೆ. ಯುರೋಪಿನ ತಜ್ಞರ ಸಂಘ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ರೋಗವನ್ನು ಶಂಕಿಸಲು ಎಲ್ಲರಿಗೂ ದುರ್ಬೀನು ಇಳಿಸಲೇಬೇಕೆಂದಿಲ್ಲ. ಲಕ್ಷಣ ಕೇಳಿ, ನುರಿತವರಿಂದ ಸ್ಕ್ಯಾನಿಂಗ್ ಮಾಡಿಸಿ ಹಾರ್ಮೋನು ಚಿಕಿತ್ಸೆ ಆರಂಭಿಸಬಹುದು. ಬೇರುಸಹಿತ ಗುಣಪಡಿಸುವ ಮದ್ದು ಇನ್ನೂ ಇಲ್ಲ. ನೋವನ್ನು ಹತೋಟಿಯಲ್ಲಿಟ್ಟು ಬದುಕು ನಡೆಸುವುದು ಮಾತ್ರ ಖಂಡಿತ ಸಾಧ್ಯ. ಶಾಲೆ, ಕೆಲಸ ತಪ್ಪಿಸುವಷ್ಟು ನೋವು, ವರ್ಷದಿಂದ ವರ್ಷಕ್ಕೆ ಏರುವ ನೋವು, ಮಲ ಮೂತ್ರ ವಿಸರ್ಜನೆಯಲ್ಲಿ ತಿಂಗಳ ಲೆಕ್ಕದಲ್ಲಿ ಬರುವ ನೋವು ಇದ್ದರೆ ಅದು 'ಇದ್ದದ್ದೇ' ಅಲ್ಲ, ಸ್ತ್ರೀರೋಗ ತಜ್ಞರಿಗೆ ತೋರಿಸಬೇಕಾದದ್ದು. ಮನಸ್ಸು ಸೋತಾಗ ಮಾತಾಡಲು 2022ರಲ್ಲಿ ಆರಂಭವಾದ ಟೆಲಿಮನಸ್ ಸಹಾಯವಾಣಿ 14416 ಇದೆ.

ಚಿಕ್ಕಮ್ಮ ಈಗಲೂ ಮರಳೂರಿಗೆ ಬಂದುಹೋಗುತ್ತಾಳೆ. ಅವಳಿಗೆ ಮಕ್ಕಳಾಗಲಿಲ್ಲ, ನೋವು ಬಹಳ ಮಟ್ಟಿಗೆ ಇಳಿದಿದೆ. ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಹೊಟ್ಟೆನೋವೆಂದು ಮಲಗಿದ್ದೆ. ಅಜ್ಜಿ ಅಭ್ಯಾಸಬಲದಿಂದ 'ಇದ್ದದ್ದೇ ಕಣವ್ವ' ಎನ್ನುತ್ತ ಜೀರಿಗೆ ಹುಡುಕಲು ಹೊರಟರು. ಚಿಕ್ಕಮ್ಮ ಮಾತ್ರ ಪಕ್ಕ ಬಂದು ಕೂತು ಕೇಳಿದಳು: 'ಎಲ್ಲಿ ನೋಯುತ್ತೆ? ಎಷ್ಟು ದಿನ? ಹೋದ ತಿಂಗಳಿಗಿಂತ ಜಾಸ್ತಿನಾ?'

ನನಗೆ ಏನೂ ಆಗಿರಲಿಲ್ಲ. ಆದರೆ ಅವಳಿಗೆ ಹನ್ನೆರಡು ವರ್ಷ ಯಾರೂ ಕೇಳದಿದ್ದ ಪ್ರಶ್ನೆಗಳವು ಎಂಬುದು ನನಗೆ ಹೊಳೆದದ್ದು ಈಗ, ಇದನ್ನು ಬರೆಯುವಾಗ.